ಗೋಬಿ ಬೇಡವೆನ್ನುತ್ತಿದ್ದ ಮಾಲೀಕರು

ಚನ್ನರಾಯಪಟ್ಟಣದ ಬಸ್ ನಿಲ್ದಾಣದೆದುರು ಹೋಟೆಲಿಟ್ಟಿದ್ದ ಆ ಮಾಲೀಕರಿಗೆ ವ್ಯಾಪಾರಕ್ಕಿಂತ ಗಿರಾಕಿಯ ಹೊಟ್ಟೆಯದೇ ಚಿಂತೆ. ಹೊಟ್ಟೆ ಕೆಡುವ ಮೊದಲೇ ಕೆಟ್ಟಿತೆಂದು ಕಂಗಾಲಾಗುವ ನನಗೆ ಇನ್ನೆಂಥ ಹೋಟೆಲು ಬೇಕು? ತೊಂಬತ್ತರ ದಶಕದ ಕೊನೆಗೆ ಪಕ್ಕದಲ್ಲೊಂದು ಫಾಸ್ಟ್‌ಫುಡ್ ಅಂಗಡಿ ಬಂತು. ಕಾಲೇಜು ಹುಡುಗರೆಲ್ಲ ಅತ್ತ ಹೋದರು. ವಿಧಿಯಿಲ್ಲದೆ ಇವರೂ ಅರಕಲಗೂಡಿನಿಂದ ಅಡುಗೆಯವನೊಬ್ಬನನ್ನು ಕರೆತಂದು ಗೋಬಿ ಮಂಚೂರಿ ಶುರುಮಾಡಿದರು. ಆದರೆ ಯಾರಾದರೂ ಅದನ್ನು ಕೇಳಿದರೆ ಸಾಕು, ಗಲ್ಲಾ ಬಿಟ್ಟು ಎದ್ದುಬಂದು, ಹೆಗಲ ಟವೆಲಿನಿಂದ ಟೇಬಲ್ ಒರೆಸುತ್ತ, "ಒಟ್ಟೆಗೆ ಬ್ಯಾಡ ಸಾ, ಇಡ್ಲಿ ಬಿಸಿ ಐತೆ" ಎನ್ನುತ್ತಿದ್ದರು.

"ಯಜಮಾನ್ರೇ, ಇನ್ನೊಂದ್ಸಲ ಅಂಗಂದ್ರೆ ನಾನು ಊರಿಗ್ ಓಯ್ತೀನಿ" ಎಂದು ಅಡುಗೆಯವನು ಒಂದು ಸಂಜೆ ರೇಗಿದ. ಅವನು ಹೋದರೆ ಹೋಟೆಲಿಗೆ ಬೀಗವೇ.

ಅಷ್ಟರಲ್ಲಿ ನಾಲ್ವರು ಹುಡುಗರು ಬಂದು ಗೋಬಿ ಕೇಳಿದರು. ಮಾಲೀಕರು ತುಟಿ ಬಿಗಿಹಿಡಿದು ಕೂತರು. ಹುಡುಗರು ಆ ಕೆಂಪನೆಯ ಗೋಬಿ ತಿನ್ನುವುದನ್ನು ನೋಡಲಾರದೆ ಒಳಗೆ ಹೋಗಿ, ಎಲ್ಲರಿಗೂ ಮಜ್ಜಿಗೆ ತಂದಿಟ್ಟರು.

"ಇದು ಪುಕ್ಕಟೆ ಕಣ್ರಪ್ಪಾ, ಒಟ್ಟೆ ತಣ್ಣಗಿರ್ಲಿ."

ಹುಡುಗರು ಗಟಗಟನೆ ಕುಡಿದರು. "ಸೂಪರ್ ಅಣ್ಣ! ಈಗ ಇನ್ನೊಂದ್ ರೌಂಡ್ ಗೋಬಿ ಕೊಡಿ."

ಒಳಗಿನಿಂದ ಅಡುಗೆಯವನ ನಗು ಕೇಳಿತು. ಮಾಲೀಕರು ಹಣೆ ಒರೆಸಿಕೊಂಡು, "ನಗಾಡಿದ್ದು ಸಾಕು, ಇನ್ನೊಂದಿಷ್ಟು ಮೊಸರು ಕಡಿಯೋ!" ಎಂದು ಕೂಗಿದರು.