ಅಜ್ಜನ ಸರಪಳಿ, ನನ್ನ ಟೇಪು

ಧೈರ್ಯವಿದ್ದರೆ ಇದನ್ನು ನಂಬದೆ ಓದಿ ಮುಗಿಸಿ, ನೋಡೋಣ. ದೆವ್ವ ಎಂದರೆ ನಾನೂ ನಗುತ್ತಿದ್ದವನೇ. ನಗದೆ ಏನು? ಕಲಬುರಗಿಯ ನಮ್ಮ ಓಣಿಯಲ್ಲಿ ಓಡಾಡಿದ ದೆವ್ವಗಳಲ್ಲಿ ಅರ್ಧ ನಾನೇ, ಬಿಳಿ ಧೋತರ ಹೊದ್ದುಕೊಂಡು. ಆ ಕಲೆಯಲ್ಲಿ ನನ್ನ ಸಮ ಯಾರೂ ಇರಲಿಲ್ಲ, ಈಗಲೂ ಇಲ್ಲ.

ನಮ್ಮಜ್ಜ ನಿಜಾಮರ ಕಾಲದಲ್ಲಿ ಕಮಲಾಪುರದ ಹೊಲಗಳನ್ನೆಲ್ಲ ಅಳೆದ ದೊಡ್ಡ ಸರ್ವೇದಾರ ಎಂದು ಜೀವನವಿಡೀ ಹೇಳಿಕೊಂಡು ಬಂದಿದ್ದೆ. ಹೆಂಡತಿಯ ತಮ್ಮ ಬಸವರಾಜನಿಗೆ ಅದು ಸಹಿಸದು. ನೆಂಟರೆಲ್ಲ ಕೂತಿದ್ದಾಗ ಒಮ್ಮೆ ಅಂದೇಬಿಟ್ಟ: “ಸರ್ವೇದಾರ ಅಂತ ಸರ್ವೇದಾರ! ಮಾಮಾ, ನಿಮ್ಮಜ್ಜ ಎಮ್ಮಿ ಕಾಯ್ತಿದ್ನಂತ ಊರೆಲ್ಲ ಅಂತದ.” ಶರತ್ತು ಬಿತ್ತು. ನಾನು ರುಜುವಾತು ತೋರಿಸದಿದ್ದರೆ ಮೊಮ್ಮಗಳ ಮದುವೆಯಲ್ಲಿ ಮೈಕು ಹಿಡಿದು ಎಮ್ಮೆಯ ಮಾತನ್ನು ನಾನೇ ಒಪ್ಪಿಕೊಳ್ಳಬೇಕು.

ಕಲಬುರಗಿಯಲ್ಲಿ ಹಳೆಯ ಭೂದಾಖಲೆಗಳ ಕೋಣೆಯ ಧೂಳು ಕುಡಿದೆ. ಉರ್ದು ಬಲ್ಲ ಗುಮಾಸ್ತರೊಬ್ಬರಿಗೆ ಚಹಾ ಕುಡಿಸಿದೆ. ಕೊನೆಗೂ ನಮ್ಮ ಹೊಲದ ನಕ್ಷೆ ಸಿಕ್ಕಿತು.

“ನಿಮ್ಮಜ್ಜನ ಹೆಸರು ಅದರೀ,” ಎಂದರು ಗುಮಾಸ್ತರು. “ಆದ್ರ ಸರ್ವೇದಾರ ಅಲ್ಲ, ಜರೀಬ್‌ಕಶ್. ಅಳತಿ ಸರಪಳಿ ಎಳಿಯಾಂವ.”

ಬಸವರಾಜ ಅದನ್ನೂ ಒಪ್ಪಲಿಲ್ಲ. “ಆ ಹೆಸರಿನವ್ರು ಕಮಲಾಪುರದಾಗ ಓಣಿಗೊಬ್ರು ಇದ್ರು ತಗೋರಿ.”

ನಾನು ಸೋಲುವ ಕುಳವೇ? ಗಡಿಕಲ್ಲು ನೆಡುವಾಗ ಕೆಳಗೆ ಇದ್ದಿಲು ಹೂಳುವುದು ಅಳತೆಯವರ ರೂಢಿ. ಯಾರಾದರೂ ಕಲ್ಲು ಸರಿಸಿದರೂ ಇದ್ದಿಲು ನಿಜ ಹೇಳುತ್ತದೆ. ಉಳಿದವರು ಬರೀ ಇದ್ದಿಲು ಸುರಿದರೆ ನಮ್ಮಜ್ಜ ಅದನ್ನು ಕುಡಿಕೆಯಲ್ಲಿ ತುಂಬಿ ಬೋರಲು ಹೂಳುತ್ತಿದ್ದನೆಂದು ಅಪ್ಪ ಹೇಳುತ್ತಿದ್ದ. ಕುಡಿಕೆ ಸಿಕ್ಕರೆ ಅಜ್ಜ ಗೆದ್ದ ಹಾಗೆ ಎಂದೆ, ಬಸವರಾಜನೂ ಹೂಂ ಎಂದ.

ಮರುದಿನವೇ ಕಮಲಾಪುರದ ಹೊಲಕ್ಕೆ ಹೋದೆವು. ಮೂಲೆಯ ಕಲ್ಲು ಯಾವಾಗಲೋ ಮಾಯವಾಗಿತ್ತು, ಆದರೆ ಬಾವಿಯಿಂದ ಅದಕ್ಕೆಷ್ಟು ದೂರ ಎಂಬುದು ನಕ್ಷೆಯಲ್ಲಿತ್ತು. ಬಸವರಾಜ ಬಾವಿಯ ಬಳಿ ಟೇಪಿನ ತುದಿ ಹಿಡಿದು ನಿಂತ. ನಾನು ಟೇಪು ಬಿಚ್ಚುತ್ತ ಮೂಲೆಗೆ ಬಂದು ಅಳೆದೆ, ಅಗೆದೆ. ಬರೀ ಮಣ್ಣು. ಮತ್ತೆ ಅಳೆದೆ, ಮತ್ತೆ ಮಣ್ಣು.

“ಎಮ್ಮಿ ಸಗಣಿ ಏನರ ಸಿಕ್ತೇನ್ರೀ ಮಾಮಾ?” ಎಂದು ಅಲ್ಲಿಂದಲೇ ಕೂಗಿದ.

ಇನ್ನೊಮ್ಮೆ ಟೇಪು ಹಿಡಿದೆ. ಆಗ ನನ್ನ ಬೆನ್ನ ಹಿಂದೆಯೇ ಯಾರೋ ಗದರಿದರು: “ಸಡ್ಲ ಬಿಡಬ್ಯಾಡಲೇ, ಜಗ್ಗು!”

ಕೈ ತಾನೇ ಜಗ್ಗಿತು. ತಿರುಗಿ ನೋಡಿದರೆ ಮೊಣಕಾಲೆತ್ತರದ ತೊಗರಿ, ಮಟಮಟ ಮಧ್ಯಾಹ್ನದ ಬಿಸಿಲು. ಅಡಗಿಕೊಳ್ಳಲು ಬೆಕ್ಕಿಗೂ ಜಾಗವಿಲ್ಲ. ಬಿಗಿಯಾದ ಟೇಪು ಒಂದು ಗೇಣು ಮುಂದಕ್ಕೆ ಬಂದಿತ್ತು. ಅಲ್ಲಿ ಅಗೆದೆ. ಕುಡಿಕೆ! ಬೋರಲು ಬಿದ್ದಿತ್ತು, ಒಳಗೆ ಇದ್ದಿಲು.

ಬಸವರಾಜನನ್ನು ಕೇಳಿದರೆ ತನಗೇನೂ ಕೇಳಿಸಲಿಲ್ಲ ಎಂದ. ಶರತ್ತು ಸೋತಿದ್ದನ್ನು ಮಾತ್ರ ಒಪ್ಪಿಕೊಂಡ. ನಾನೂ ಈಗ ಅಜ್ಜನನ್ನು ಸರ್ವೇದಾರ ಎನ್ನುವುದಿಲ್ಲ, ಸರಪಳಿ ಎಳೆದವನು ಎನ್ನುತ್ತೇನೆ. ಜಂಬ ಇಮ್ಮಡಿಯಾಗಿದೆ, ಅಷ್ಟೇ.

ಆ ದನಿ ಯಾರದು? ಇಂಥ ಆಟಗಳ ಒಳಗುಟ್ಟೆಲ್ಲ ಬಲ್ಲ ನನಗೇ ಇದುವರೆಗೆ ತಿಳಿದಿಲ್ಲ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಒಂದು ಮಾತು ಮಾತ್ರ ನಾನು ಕಟ್ಟಿದ್ದು. ಬಸವರಾಜನಿಗೆ ಏನೂ ಕೇಳಿಸಲಿಲ್ಲ ಎಂದೆನಲ್ಲ, ಅದು. ಹೇಳಬ್ಯಾಡ್ರಿ ಮಾಮಾ ಎಂದು ಅವನು ಕೈ ಮುಗಿದಿದ್ದ. ಗದರಿಕೆ ಮುಗಿಯುವ ಮೊದಲೇ, ಅಷ್ಟು ದೂರದ ಬಾವಿಯ ಬಳಿಯಿಂದ ಅವನು ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು: “ಹಿಡ್ದೀನ್ರಿ ಅಜ್ಜಾ, ಗಟ್ಟಿ ಹಿಡ್ದೀನಿ!”