ಮೆಟ್ಟೂರು ಪಾರ್ಕಿನಲ್ಲಿ ನಾನು ಬಿಚ್ಚಿದ ಗಂಟು

ಮೆಟ್ಟೂರು ಅಣೆಕಟ್ಟಿನ ಕೆಳಗಿನ ಪಾರ್ಕು ಎಂದರೆ ನಮ್ಮ ಸೇಲಂ ಕಡೆಯವರಿಗೆ ಜಿಂಕೆ, ಹಾವಿನ ಮನೆ, ಜಾರುಬಂಡೆ, ಹೊರಗೆ ಬಂದರೆ ಕರಿದ ಮೀನು. ಬ್ರಿಟಿಷರ ಕಾಲದಲ್ಲಿ ಅಣೆಕಟ್ಟು ಎದ್ದಾಗ ಎಷ್ಟೋ ಊರುಗಳು ಮುಳುಗಿದವು. ನೀರು ಇಳಿದರೆ ಹಳೆಯ ಗುಡಿಯೊಂದು ಈಗಲೂ ತಲೆ ಎತ್ತುತ್ತದೆ. ಪಾರ್ಕಿನ ಗೇಟು ದಾಟುವಾಗಲೆಲ್ಲ ಅವ್ವ ಇದನ್ನೇ ಹೇಳುವವಳು. ಆ ನೀರೆಂದರೆ ಅವಳಿಗೆ ಭಯ. ನನಗೆ ಅದು ತಮಾಷೆಯಾಗಿತ್ತು.

ನಮ್ಮದು ಮಗ್ಗದ ಮನೆ. ಮಗ್ಗದ ಗುಂಡಿಗೆ ಮಕ್ಕಳು ಬೀಳದಿರಲಿ ಎಂದು ಹಳೆ ಸೀರೆಯ ಪಟ್ಟಿಯನ್ನು ಅವರ ಸೊಂಟಕ್ಕೆ ಸುತ್ತಿ ಕಂಬಕ್ಕೆ ಕಟ್ಟುತ್ತೇವೆ. ನಾನೂ ಹಾಗೇ ಬೆಳೆದವಳು. ಹೋದ ವರ್ಷ ಆಡಿ ತಿಂಗಳ ಹದಿನೆಂಟರ ಹೊಳೆಹಬ್ಬಕ್ಕೆ ಕಾವೇರಿಯಲ್ಲಿ ಮಿಂದು ಪಾರ್ಕಿಗೆ ಹೋದಾಗ, ಅವ್ವ ನನ್ನ ಮೂರು ವರ್ಷದ ಮಗಳನ್ನು ಅಂಥದೇ ಪಟ್ಟಿಯಿಂದ ತನ್ನ ಸೊಂಟಕ್ಕೆ ಕಟ್ಟಿಕೊಂಡಳು. ಜನ ನೋಡಿ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

"ಏನವ್ವ ಇದು, ಮೇಕೆನಾ?" ಎಂದು ಅವ್ವನ ಸೊಂಟದ ಗಂಟು ಬಿಚ್ಚಿಬಿಟ್ಟೆ.

"ಬ್ಯಾಡ ಕಣೇ. ಜನರ ಕೂಟ್ಟಂ ಜಾಸ್ತಿ ಐತೆ, ಆ ಕಡೆ ಕಾಲುವೆ ತುಂಬ್ಕೊಂಡು ಓಗ್ತೈತೆ."

ಫೋಟೊ ತೆಗೆಯಲು ಫೋನು ಎತ್ತಿದೆ. ಇಳಿಸುವಷ್ಟರಲ್ಲಿ ಮಗಳಿಲ್ಲ.

ಜಾರುಬಂಡೆಯ ಹತ್ತಿರ ಇಲ್ಲ, ಜಿಂಕೆಗಳ ಹತ್ತಿರವೂ ಇಲ್ಲ. ಕಾಲುವೆಯ ಕಡೆ ಓಡಿದೆ. ಜನ ಬಿಟ್ಟ ಚೆಂಡುಹೂವಿನ ಮಾಲೆಗಳು ತೇಲಿಹೋಗುತ್ತಿದ್ದವು, ಒಂದೊಂದೂ ಅವಳ ಹಳದಿ ಗೌನಿನಂತೆ ಕಂಡಿತು. ಹಿಂದೆಯೇ ಏದುಸಿರು ಬಿಡುತ್ತಾ ಬಂದ ಅವ್ವ ನನ್ನನ್ನು ಬೈಯಲಿಲ್ಲ. ಯಾವುದಕ್ಕೂ ಬೈಯದೆ ಬಿಡುವವಳಲ್ಲ ಅವಳು.

ಕೊನೆಗೆ ಪಾರ್ಕಿನ ಕಾವಲುಗಾರ ಹಾವಿನ ಮನೆಯ ಹಿಂದಿನಿಂದ ನಮ್ಮನ್ನು ಕೈಬೀಸಿ ಕರೆದ. ಮಗಳು ಅಲ್ಲಿನ ಕಬ್ಬಿಣದ ಬೇಲಿಗೆ ಒರಗಿ ಕೂತಿದ್ದಳು. ಸೊಂಟದಿಂದ ಜೋತುಬಿದ್ದ ಪಟ್ಟಿಯನ್ನು ಕಂಬಿಗೆ ಎರಡು ಸುತ್ತು ಸುತ್ತಿ, ತುದಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದಳು. ಅವನು ಎಷ್ಟು ಕರೆದರೂ ಎದ್ದಿರಲಿಲ್ಲವಂತೆ.

ನಾನು ಎತ್ತಿಕೊಳ್ಳಲು ಹೋದರೆ ಕೊಸರಿಕೊಂಡಳು. "ಕಟ್ಟೈತಲ್ಲ. ಅಜ್ಜಿ ಬಿಚ್ಬೇಕು."

ಅವ್ವ ಪಟ್ಟಿಯನ್ನು ಕಂಬಿಯಿಂದ ಬಿಡಿಸಿದಳು. ನಾನು ಕೈ ಚಾಚಿದೆ. ಅವಳು ಅದರ ತುದಿಯನ್ನು ನನ್ನ ಮಣಿಕಟ್ಟಿಗೆ ಬಿಗಿದಳು. ಮನೆಗೆ ಮರಳುವ ಸೇಲಂ ಬಸ್ಸಿನಲ್ಲಿ ಜನ ನೋಡಿ ನಗುತ್ತಿದ್ದರು. ಓಮಲೂರು ದಾಟಿದರೂ ನಾನು ಅದನ್ನು ಬಿಚ್ಚಲಿಲ್ಲ.