ಬ್ಯಾರನ್ನಿನ ಬೆಂಕಿಗೆ ತಕ್ಕ ಪುಸ್ತಕ

ನಮ್ಮ ಹುಣಸೂರಿನ ಕಡೆ ಹೊಗೆಸೊಪ್ಪನ್ನು ತೂಗುಹಾಕಿ ಕಾವಿನಲ್ಲಿ ಬೇಯಿಸುವ ಬ್ಯಾರನ್ ಎಂಬ ಕೋಣೆಯ ಮುಂದೆ ಯಾರಾದರೂ ಹಗಲೂ ರಾತ್ರಿ ಎಚ್ಚರವಾಗಿ ಕೂತು ಬೆಂಕಿ ನೋಡಿಕೊಳ್ಳಬೇಕು. ಹಾಗೆ ಕೂರುವವರಿಗೆಲ್ಲ ಕಾದಂಬರಿ ಆರಿಸಿ ಕೊಡುತ್ತಿದ್ದವರು ಪಕ್ಕದ ಮನೆಯ ದೊಡ್ಡಪ್ಪ. ಸೊಪ್ಪು ಹಳದಿಗೆ ತಿರುಗುವ ಮೊದಲ ದಿನಗಳಲ್ಲಿ ಬೆಂಕಿ ಸಣ್ಣಗಿರಬೇಕು, ಆಗ ನಿಧಾನಕ್ಕೆ ಸಾಗುವ ಯುದ್ಧಕಾಲದ ದಪ್ಪ ಕಾದಂಬರಿ. ಕೊನೆಗೆ ಎಲೆಯ ನಡುವಿನ ಕಡ್ಡಿ ಒಣಗಲು ಬೆಂಕಿ ಜೋರಾದಾಗ ಕೊಲೆಯ ಕಥೆ. ಕನ್ನಡಕವನ್ನು ಹಣೆಗೇರಿಸಿ, ಗಂಟಲಲ್ಲೇ ಕೆಮ್ಮಿ, "ಬೆಂಕಿ ನೋಡ್ಕಂಡು ಬುಕ್ಕು ಇಡೀಬೇಕು ಕಣ್ಲಾ" ಎನ್ನುತ್ತಿದ್ದರು. ಆ ಕೆಮ್ಮನ್ನು ನಾನು ಎಷ್ಟು ಚೆನ್ನಾಗಿ ನಕಲು ಮಾಡುತ್ತಿದ್ದೆನೆಂದರೆ, ಅವ್ವ ನನಗೇ ಕಷಾಯ ಕುಡಿಸಿದ್ದಳು.

ಅಪ್ಪ ಇದನ್ನೆಲ್ಲ ನಂಬಲಿಲ್ಲ. ಸೊಪ್ಪು ತುಂಬಿದ ಮೊದಲ ದಿನವೇ ಕೊಲೆಯ ಕಥೆ ಹಿಡಿದು ಕೂತ. ಪತ್ತೇದಾರ ಓಡಿದಂತೆಲ್ಲ ಅಪ್ಪನ ಕೈ ಒಲೆಗೆ ಸೌದೆ ತಳ್ಳಿತು. ಬೆಳಿಗ್ಗೆ ಅವ್ವ ಬ್ಯಾರನ್ನಿನ ಬಾಗಿಲು ತೆರೆದರೆ ಒಳಗೆ ಬಾಣಲೆಯ ಕಾವು. ಹಾಗೇ ಬಿಟ್ಟಿದ್ದರೆ ಸೊಪ್ಪು ಹಸಿರಾಗಿಯೇ ಒಣಗಿ, ಇಡೀ ಬ್ಯಾರನ್ ದಂಡವಾಗುತ್ತಿತ್ತು.

ಅವ್ವನ ಕೂಗು ಕೇಳಿ ದೊಡ್ಡಪ್ಪ ಬಂದರು. ಒಂದು ಎಲೆ ಮುಟ್ಟಿ ನೋಡಿ ಅಪ್ಪನನ್ನು ಕೇಳಿದರು: "ಕೊಲೆಗಾರ ಸಿಕ್ಕುದ್ನೇನ್ಲಾ?"

"ಸಿಕ್ದ ಕಣಣ್ಣ."

"ಬಾಳ ಬಿರ್ನೆ ಸಿಕ್ಬುಟ್ಟ. ಸೌದೆ ಈಚ್ಗೆ ಎಳಿ, ಒಳ್ಗೆ ನೆಲಕ್ಕೆ ನೀರು ಉಯ್ಯಿ."

ಆಮೇಲೆ ಕೊಲೆಯ ಕಥೆ ಕಿತ್ತುಕೊಂಡು, ಒಲೆಯ ಮುಂದೆ ಕೂತು, ಯುದ್ಧದ ಕಾದಂಬರಿಯನ್ನು ತಾವೇ ಗಟ್ಟಿಯಾಗಿ ಓದತೊಡಗಿದರು. ಅಪ್ಪ ಸೌದೆ ಮುಟ್ಟಿದಾಗಲೆಲ್ಲ ಕೆಮ್ಮಿದರು. ಮಾರನೆಯ ಸಂಜೆ ಸೊಪ್ಪು ಹಳದಿಯಾಯಿತು. ಕಾದಂಬರಿಯ ಸೈನ್ಯ ಇನ್ನೂ ಹೊಳೆ ದಾಟಿರಲಿಲ್ಲ.